ನಮ್ಮ ಬಿಲ್ಲಿನ ದುಡ್ಡು ಅವರ ಬಂಡವಾಳ ಅಲ್ಲ

ಇವತ್ತು ಬೆಳಿಗ್ಗೆ ಪಕ್ಕದ ಶೆಡ್ಡಿನ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ತಿರುವಿ ಪಾರ್ಟು ಮಾಡುವ ಮಷಿನ್) ಮಾರಿಹೋಯಿತು. ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನ ಶೆಡ್ಡಿಗೂ ಅವರ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಹದಿನೇಳು ವರ್ಷದಿಂದ ಆ ಗೋಡೆಯಾಚೆ ಮಷಿನ್ ಓಡುವ ಸದ್ದು ಕೇಳಿಕೊಂಡೇ ಕೆಲಸ ಮಾಡಿದ್ದೇನೆ. ಬುಡಕ್ಕೆ ಪೈಪು ಕೊಟ್ಟು ಉರುಳಿಸಿಕೊಂಡು ಷಟರ್ ತನಕ ತಂದರು, ಆಮೇಲೆ ಹೈಡ್ರಾ ಕ್ರೇನ್ ಬಂದು ಎತ್ತಿ ಲಾರಿಗಿಟ್ಟಿತು. ಅಣ್ಣ (ನಮ್ಮ ಏರಿಯಾದಲ್ಲಿ ಎಲ್ಲರಿಗೂ ಅವರು ಅಣ್ಣನೇ) ಕೈಯಲ್ಲಿ ಕಾಟನ್ ವೇಸ್ಟ್ ಹಿಡಿದುಕೊಂಡು ಬಾಗಿಲು, ಪ್ಯಾನೆಲ್ಲು, ಕೂಲೆಂಟ್ ಟ್ಯಾಂಕು ಎಲ್ಲ ಒರೆಸುತ್ತಿದ್ದರು. ಆಯುಧ ಪೂಜೆಗೆ ಹಚ್ಚಿದ್ದ ವಿಭೂತಿ, ಕುಂಕುಮ ಮಾತ್ರ ಮುಟ್ಟಲಿಲ್ಲ.

"ಇನ್ನು ಏಳೇ ಕಂತು ಇತ್ತು ಕಣಪ್ಪ" ಅಂದರು. ಅಷ್ಟೇ ಅವರು ಮಾತಾಡಿದ್ದು. ನಾನು ಒಳಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕೂತಷ್ಟೂ ಸಿಟ್ಟು ಜಾಸ್ತಿ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನಿಗೆ ಕೆಲಸ ಸಿಗದೆ ಈ ಮಷಿನ್ ಹೋಗಲಿಲ್ಲ. ಕುಡಿತ, ಇಸ್ಪೀಟು ಯಾವುದೂ ಇಲ್ಲ. ಲೇತ್ ಹೋಗಿದ್ದು 7 ಲಕ್ಷಕ್ಕೆ. ಒಂದೇ ಒಂದು ಕಂಪನಿಯಿಂದ ಅವರಿಗೆ ಬರಬೇಕಾದ ಬಾಕಿ 9 ಲಕ್ಷದ ಮೇಲಿದೆ. ಮಾಲು ಕೊಟ್ಟು ಐದು ತಿಂಗಳಾಯಿತು. ಅವರು ತಿರುವಿದ ಪಾರ್ಟು ಗಾಡಿಯಲ್ಲಿ ಕೂತು, ಆ ಗಾಡಿ ಶೋರೂಮಿಗೆ ಹೋಗಿ, ಯಾರೋ ಅದಕ್ಕೆ ಹಾರ ಹಾಕಿ ನಿಂಬೆಹಣ್ಣು ಹತ್ತಿಸಿ ಮನೆಗೆ ತಗೊಂಡು ಹೋಗಿ ಎಷ್ಟೋ ದಿನವಾಗಿದೆ. ಪಾರ್ಟು ಮಾಡಿದವರ ದುಡ್ಡು ಮಾತ್ರ ಇನ್ನೂ "ಪ್ರೊಸೆಸ್‌ನಲ್ಲಿದೆ".

ಹೋದ ವಾರ ನಾನು ಮಾಲು ಕೊಡುವ ಒಂದು ಕಂಪನಿಯವರು ವೆಂಡರ್ ಮೀಟ್ (ಮಾಲು ಕೊಡುವವರ ಸಭೆ) ಅಂತ ಕರೆದಿದ್ದರು. ಹೆಸರು ಬೇಡ. ನಲವತ್ತು ಜನ ಇದ್ದೆವು, ತುಮಕೂರಿನವರು, ಪೀಣ್ಯದವರು, ಮಾಲೂರಿನಿಂದಲೂ ಒಬ್ಬರು ಬಂದಿದ್ದರು. ಪರ್ಚೇಸ್‌ನ ಹುಡುಗ ಸ್ಲೈಡ್ ತೋರಿಸಿದ. ಮಾರ್ಕೆಟ್ ಡೌನ್ ಇದೆ. ಆರ್ಡರ್ ಕಡಿಮೆಯಾಗುತ್ತೆ. ಇನ್ಮೇಲೆ ಪೇಮೆಂಟ್ 60 ದಿನಕ್ಕಲ್ಲ, 120 ದಿನಕ್ಕೆ. ರೇಟಿನಲ್ಲಿ 3% ಕಾಸ್ಟ್ ಡೌನ್. "ಕಷ್ಟ ಎಲ್ಲರೂ ಹಂಚಿಕೊಳ್ಳೋಣ ಸಾರ್" ಅಂದ. ಹುಡುಗ ಒಳ್ಳೆಯವನು, ಹೇಳುವಾಗ ನಮ್ಮ ಮುಖ ನೋಡಲಿಲ್ಲ. ಎರಡು ದಿನ ಬಿಟ್ಟು ಪೇಪರ್ ತೆಗೆದರೆ ಅದೇ ಕಂಪನಿ ಷೇರುದಾರರಿಗೆ ಡಿವಿಡೆಂಡ್ ಘೋಷಣೆ ಮಾಡಿದೆ.

ಲಾಭ ಬಂದ ವರ್ಷಗಳಲ್ಲಿ ಹಂಚಿಕೊಳ್ಳೋಣ ಬನ್ನಿ ಅಂತ ನಮ್ಮನ್ನು ಯಾರೂ ಕರೆದಿರಲಿಲ್ಲ.

ನನ್ನ ಲೆಕ್ಕ ಇಲ್ಲೇ ಬಿಡಿಸಿ ಹೇಳುತ್ತೇನೆ, ಮುಚ್ಚಿಡುವಂಥದ್ದೇನೂ ಇಲ್ಲ. ಆ ಕಂಪನಿಗೆ ನನ್ನ ಬಿಲ್ಲು ತಿಂಗಳಿಗೆ 6 ಲಕ್ಷ. 60 ದಿನ ಅಂದರೆ ಯಾವತ್ತೂ 12 ಲಕ್ಷ ಅವರ ಹತ್ತಿರ ಇರುತ್ತದೆ. 120 ದಿನ ಆದರೆ 24 ಲಕ್ಷ. ಹೆಚ್ಚುವರಿ 12 ಲಕ್ಷ ನಾನು ತರಬೇಕಾದ್ದು ಬ್ಯಾಂಕಿನ ಓ.ಡಿ. (ಓವರ್‌ಡ್ರಾಫ್ಟ್) ಸಾಲದಿಂದ, 11% ಬಡ್ಡಿಗೆ. ತಿಂಗಳಿಗೆ 11,000 ರೂಪಾಯಿ. 3% ಕಡಿತ ಅಂದರೆ ಇನ್ನೊಂದು 18,000. ವರ್ಷಕ್ಕೆ ಹತ್ತಿರ ಹತ್ತಿರ ಮೂರೂವರೆ ಲಕ್ಷ. ಒಬ್ಬ ಆಪರೇಟರ್‌ನನ್ನೋ ಇಬ್ಬರು ಹೆಲ್ಪರ್ ಹುಡುಗರನ್ನೋ ಮನೆಗೆ ಕಳಿಸಿದರೆ ಸರಿಹೋಗುವ ಮೊತ್ತ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಜಿಎಸ್‌ಟಿ ಬೇರೆ. ನನಗೆ ದುಡ್ಡು ಬರಲಿ ಬಿಡಲಿ, ಬಿಲ್ಲು ಹಾಕಿದ ಮೇಲೆ ಮುಂದಿನ ತಿಂಗಳೇ ತೆರಿಗೆ ಕಟ್ಟಬೇಕು. ಓ.ಡಿ.ಯಿಂದ ತೆಗೆದು ಕಟ್ಟುತ್ತೇನೆ. ಅದನ್ನು ಅವರು ಇನ್‌ಪುಟ್ ಕ್ರೆಡಿಟ್ ಅಂತ ತಗೊಂಡು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. 180 ದಿನದೊಳಗೆ ನನಗೆ ದುಡ್ಡು ಕೊಡದಿದ್ದರೆ ಮಾತ್ರ ಆ ಕ್ರೆಡಿಟ್ ವಾಪಸ್ ಮಾಡಬೇಕು. ಅಲ್ಲಿಯವರೆಗೆ ನನ್ನ ಪಾರ್ಟೂ ಅವರದ್ದು, ನಾನು ಕಟ್ಟಿದ ತೆರಿಗೆಯ ಲಾಭವೂ ಅವರದ್ದು.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. 2006ರಿಂದಲೇ ಇದೆ. ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಅಗ್ರಿಮೆಂಟಿನಲ್ಲಿ ಏನೇ ಬರೆದುಕೊಂಡಿರಲಿ, ಮಾಲು ಒಪ್ಪಿಕೊಂಡ ದಿನದಿಂದ 45 ದಿನದ ಮೇಲೆ ಹೋಗುವ ಹಾಗಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಅಂದರೆ ನಾವು ಇಷ್ಟು ದಿನ ಒಪ್ಪಿಕೊಂಡು ಬಂದಿರುವ 60 ದಿನವೇ ತಪ್ಪು. ಆ ಸಭೆಯಲ್ಲಿ ಕೂತಿದ್ದ ನಲವತ್ತು ಜನಕ್ಕೂ ಇದು ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಯಾಕೆ ಅಂತ ನಿಮಗೂ ಗೊತ್ತು. 2017ರಿಂದ ಬಾಕಿ ಬಿಲ್ಲಿನ ದೂರಿಗೆ ಅಂತಲೇ ಸರ್ಕಾರದ ಸಮಾಧಾನ್ ಪೋರ್ಟಲ್ ಇದೆ, ಮನೆಯಲ್ಲೇ ಕೂತು ದೂರು ಹಾಕಬಹುದು. ಹಾಕಿದ ಮೇಲೆ ಮುಂದಿನ ತಿಂಗಳ ಶೆಡ್ಯೂಲ್ ಬರುವುದಿಲ್ಲ. ಯಾರೂ ನಿಮ್ಮನ್ನು ತೆಗೆದುಹಾಕಿದ್ದೇವೆ ಅಂತ ಹೇಳುವುದಿಲ್ಲ. ಸುಮ್ನೆ ಆರ್ಡರ್ ನಿಲ್ಲುತ್ತದೆ, ಫೋನ್ ಎತ್ತುವುದಿಲ್ಲ. ಆ ಕಂಪನಿಯ ಡ್ರಾಯಿಂಗ್‌ಗೆ ಅಂತಲೇ ಮಾಡಿಸಿದ, ಪಾರ್ಟು ಹಿಡಿದು ನಿಲ್ಲಿಸುವ ಫಿಕ್ಸ್‌ಚರ್‌ಗಳು ರ‍್ಯಾಕಿನಲ್ಲಿ ಧೂಳು ಹಿಡಿಯುತ್ತವೆ.

ಟ್ರೆಡ್ಸ್ ಅಂತ ಇನ್ನೊಂದು ಆನ್‌ಲೈನ್ ವ್ಯವಸ್ಥೆ ಇದೆ. ಬಿಲ್ಲು ಅಲ್ಲಿ ಹಾಕಿದರೆ, ಕಂಪನಿ ಒಪ್ಪಿದರೆ, ಬ್ಯಾಂಕುಗಳು ಪೈಪೋಟಿ ಮೇಲೆ ಮುಂಗಡ ಕೊಡುತ್ತವೆ. ಒಳ್ಳೆಯ ವ್ಯವಸ್ಥೆ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳೆಲ್ಲ 2025ರ ಮಾರ್ಚ್ 31ರೊಳಗೆ ಸೇರಬೇಕು ಅಂತ ಆದೇಶವೂ ಆಯಿತು. ಆದರೆ ಕಂಪನಿಯವರು ಬಿಲ್ಲು ಒಪ್ಪಿಕೊಳ್ಳದೆ ಹೋದರೆ ಅದು ಅಲ್ಲೇ ಕೂತಿರುತ್ತದೆ.

ಕಂಪನಿಗಳ ಹತ್ತಿರ ದುಡ್ಡು ನಿಜವಾಗಲೂ ಇಲ್ಲವಾ? ಇದೆ. ನನಗೆ ಅದು ಖಚಿತವಾಗಿದ್ದು 2024ರ ಮಾರ್ಚ್‌ನಲ್ಲಿ. ಆ ವರ್ಷದಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ನಿಯಮ ಜಾರಿಗೆ ಬಂತು. ಸಣ್ಣವರಿಗೆ ಕಾಯ್ದೆ ಹೇಳಿದ ದಿನದೊಳಗೆ ಕೊಡದೆ ಬಾಕಿ ಉಳಿಸಿಕೊಂಡರೆ ಅದನ್ನು ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ, ಅಷ್ಟಕ್ಕೂ ತೆರಿಗೆ ಬೀಳುತ್ತದೆ. ಮಾರ್ಚ್ ಕೊನೆಯ ವಾರ ನನಗೆ ಮೂರು ಹಳೇ ಪೇಮೆಂಟ್ ಬಂದವು. ಫೋನ್ ಕೂಡ ಮಾಡದೆ ಬಂದವು. ಎಂಟು ತಿಂಗಳಿಂದ "ಫಂಡ್ ಇಲ್ಲ ಸಾರ್" ಅಂತಿದ್ದ ಅಕೌಂಟ್ಸ್‌ನವರು ತಾವಾಗಿಯೇ ಯುಟಿಆರ್ ನಂಬರ್ (ದುಡ್ಡು ಹಾಕಿದ್ದಕ್ಕೆ ಬ್ಯಾಂಕಿನ ಗುರುತು) ಕಳಿಸಿದರು. ಅದೇ ತಿಂಗಳು ಇನ್ನೊಂದು ಕಡೆಯಿಂದ ಫೋನ್ ಬಂತು: "ಉದ್ಯಮ್ ನೋಂದಣಿ ಕ್ಯಾನ್ಸಲ್ ಮಾಡಿಸಿಬಿಡಿ ಸಾರ್, ಇಲ್ಲಾಂದ್ರೆ ಆರ್ಡರ್ ಕಷ್ಟ." ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಸಣ್ಣವನು ಅಂತ ಸರ್ಕಾರ ಕೊಟ್ಟ ಒಂದು ಕಾಗದ, ಅದನ್ನೇ ಹರಿದುಹಾಕು ಅನ್ನುತ್ತಿದ್ದಾರಲ್ಲ.

ನನಗೆ ಜಾಸ್ತಿ ನೋವು ಕೊಡುವ ವಿಷಯ ಬೇರೆಯೇ ಇದೆ. ಮಾರ್ಕೆಟ್ ಬಿದ್ದಾಗ ಹೋದ ದಿನಗಳು ಮಾರ್ಕೆಟ್ ಎದ್ದಾಗ ವಾಪಸ್ ಬರುವುದಿಲ್ಲ. 2019 ನೆನಪಿಸಿಕೊಳ್ಳಿ. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಫೈನಾನ್ಸ್ ಕಂಪನಿ ಸಾಲ ಕಟ್ಟಲಾಗದೆ ಕೈಚೆಲ್ಲಿತು, ಫೈನಾನ್ಸ್ ಕಂಪನಿಗಳಿಗೇ ದುಡ್ಡು ಹುಟ್ಟದ ಹಾಗಾಯಿತು, ಗಾಡಿ ಸಾಲ ಸಿಗುವುದು ಕಷ್ಟವಾಯಿತು. 2020ರ ಏಪ್ರಿಲ್‌ನಿಂದ ಗಾಡಿ ಹೊಗೆಯ ಹೊಸ ನಿಯಮ ಬಿಎಸ್-6 ಬರುತ್ತೆ ಅಂತ ಎಷ್ಟೋ ಜನ ಗಾಡಿ ತಗೊಳ್ಳುವುದನ್ನು ಮುಂದೆ ಹಾಕಿದರು. ನಮ್ಮಲ್ಲಿ ಎರಡು ಶಿಫ್ಟ್ ಒಂದಾಯಿತು. ಆಗ ನನ್ನ ಪೇಮೆಂಟ್ 45 ದಿನಕ್ಕೆ ಬರುತ್ತಿತ್ತು. "ಸ್ವಲ್ಪ ದಿನ ಸಹಕರಿಸಿ" ಅಂತ 60 ಮಾಡಿದರು.

2019ರ ಸೆಪ್ಟೆಂಬರ್ 20ಕ್ಕೆ ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆಯನ್ನು 30%ನಿಂದ 22%ಗೆ ಇಳಿಸಿತು. ಹೊಸದಾಗಿ ಕಾರ್ಖಾನೆ ಹಾಕುವವರಿಗೆ 15%. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡುತ್ತಿದ್ದೇವೆ, ಹೂಡಿಕೆ ಬರುತ್ತದೆ ಅಂತ ಸರ್ಕಾರವೇ ಹೇಳಿತು. ರಿಸರ್ವ್ ಬ್ಯಾಂಕ್ ಅದೇ ವರ್ಷ ಫೆಬ್ರವರಿಯಿಂದ ಅಕ್ಟೋಬರ್ ಒಳಗೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವನ್ನು 6.50%ನಿಂದ 5.15%ಗೆ ತಂದಿತು. ಆಮೇಲೆ ಕೋವಿಡ್ ಬಂತು, ಹೋಯಿತು. 2023-24ರ ಆರ್ಥಿಕ ಸಮೀಕ್ಷೆಯಲ್ಲಿ ಸರ್ಕಾರವೇ ಬರೆದಿದೆ: 33,000ಕ್ಕೂ ಜಾಸ್ತಿ ಕಂಪನಿಗಳ ಲೆಕ್ಕ ನೋಡಿದರೆ, 2019-20ರಿಂದ 2022-23ಕ್ಕೆ ಬರುವಷ್ಟರಲ್ಲಿ ತೆರಿಗೆಗೆ ಮುಂಚಿನ ಲಾಭ ಹತ್ತಿರ ಹತ್ತಿರ ನಾಲ್ಕು ಪಟ್ಟಾಗಿದೆ. ಓದಿ ಸಂತೋಷವೇ ಆಯಿತು, ಅವರು ಚೆನ್ನಾಗಿದ್ದರೆ ನಮಗೂ ಕೆಲಸ. ಆದರೆ ನನ್ನ 60 ದಿನ ಮತ್ತೆ 45 ಆಗಲಿಲ್ಲ. ಒಂದು ದಿನವೂ ಕಡಿಮೆಯಾಗಲಿಲ್ಲ. ಈಗ 120 ಆದರೆ ಅದೂ ಹಾಗೇ ಉಳಿದುಕೊಳ್ಳುತ್ತದೆ. ಅದಕ್ಕೇ ಈ ಸಲ ನನಗೆ ಭಯ.

ದೊಡ್ಡ ಕಂಪನಿಯಲ್ಲಿ ಫೈನಾನ್ಸ್ ನೋಡಿಕೊಳ್ಳುವ ನನ್ನ ಗೆಳೆಯ ಮೊನ್ನೆ ಹೇಳಿದ, "ಮಂದಗತಿಯಲ್ಲಿ ಕ್ಯಾಶ್ ಉಳಿಸಿಕೊಳ್ಳದಿದ್ದರೆ ಕಂಪನಿಯೇ ಮುಳುಗುತ್ತೆ ಕಣೋ, ಆಗ ನಿನ್ನ ಬಿಲ್ಲಿಗೆ ಏನೂ ಸಿಗಲ್ಲ." ಸರಿ, ಮುಳುಗಿದ ಕಂಪನಿಯ ಬಾಗಿಲಲ್ಲಿ ನಿಂತ ವೆಂಡರ್‌ಗಳನ್ನು ನಾನೂ ನೋಡಿದ್ದೇನೆ. ಆದರೆ ಉಳಿಸಿಕೊಳ್ಳುವುದು ಅಂದರೆ ತಮ್ಮ ದುಡ್ಡು ಉಳಿಸಿಕೊಳ್ಳುವುದು ಅಲ್ವಾ? ಹೊಸ ಲೈನ್ ಹಾಕುವುದನ್ನು ಮುಂದಕ್ಕೆ ಹಾಕಲಿ, ಡಿವಿಡೆಂಡ್ ಒಂದು ವರ್ಷ ನಿಲ್ಲಿಸಲಿ. ಅವರಿಗೆ ಬ್ಯಾಂಕು ನನಗಿಂತ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ನಾನು ಓ.ಡಿ.ಗೆ ಇಟ್ಟಿರುವುದು ಬಟವಾಡಿಯ ಮನೆ ಪತ್ರ. ಅಷ್ಟು ದೊಡ್ಡ ಕಂಪನಿಗೆ ಸಾಲ ಕೊಡಬೇಕಾದವನು ನಾನಾ? ಸಾಲವೇ ಬೇಕಿದ್ದರೆ ಸಾಲ ಅಂತ ಬಾಯಿಬಿಟ್ಟು ಕೇಳಲಿ, ಬಡ್ಡಿ ಬರೆದುಕೊಡಲಿ.

ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಇಷ್ಟು ಬರೆಯುವ ಹಕ್ಕು ನನಗಿರುವುದಿಲ್ಲ. ನಮ್ಮ ಎಂಡ್‌ಮಿಲ್, ಡ್ರಿಲ್ ಎಲ್ಲ ರೀ-ಶಾರ್ಪ್ ಮಾಡಿಕೊಡುವ ಒಬ್ಬ ಹುಡುಗ ಇದ್ದಾನೆ. ಒಂದೇ ಗ್ರೈಂಡಿಂಗ್ ಮಷಿನ್, ಬಾಡಿಗೆ ಅಂಗಡಿ. ಅವನಿಗೆ ನಾನು 18,400 ಕೊಡಬೇಕಿತ್ತು, ಮೂರು ತಿಂಗಳಿಂದ. ಬಂದಾಗಲೆಲ್ಲ "ನಮಗೇ ಬಂದಿಲ್ಲ ಕಣಪ್ಪ, ಮುಂದಿನ ವಾರ" ಅಂದಿದ್ದೆ. ಅವನು ಒಂದು ಸಲವೂ ಜೋರು ಮಾತಾಡಲಿಲ್ಲ, ಟೀ ಕುಡಿದು ಹೋಗುತ್ತಿದ್ದ. ಇವತ್ತು ಲಾರಿ ಹೋದ ಮೇಲೆ ಅವನು ನೆನಪಾದ. ನನಗೆ ಅವರು ಮಾಡಿದ್ದನ್ನೇ ನಾನು ಅವನಿಗೆ ಮಾಡಿದ್ದೇನೆ. ಮಧ್ಯಾಹ್ನ ಪೂರ್ತಿ ಹಾಕಿದೆ. ಫೋನ್ ಮಾಡಿ ತಪ್ಪಾಯ್ತು ಅಂತಲೂ ಹೇಳಿದೆ. "ಅಯ್ಯೋ ಬಿಡಿ ಸಾರ್, ಮಗು ಸ್ಕೂಲ್ ಫೀಸ್‌ಗೆ ಆಯ್ತು" ಅಂದ. ಆ ಫೀಸ್ ಕಟ್ಟುವ ದಿನ ಯಾವಾಗಲೋ ಮುಗಿದಿರುತ್ತದೆ.

120 ದಿನಕ್ಕೆ ಸಹಿ ಕೇಳಿ ಮೇಲ್ ಬಂದಿದೆ. ನಾನು ಹಾಕುವುದಿಲ್ಲ. 45 ದಿನ ದಾಟಿದ ಬಿಲ್ಲುಗಳ ಪಟ್ಟಿ ಮಾಡಿ, ಬಡ್ಡಿ ಲೆಕ್ಕ ಹಾಕಿ, ಕಾಯ್ದೆಯ ಸೆಕ್ಷನ್ ಬರೆದು ಸೋಮವಾರ ಕಳಿಸುತ್ತೇನೆ. ಹದಿನೇಳು ವರ್ಷದಲ್ಲಿ ಇದೇ ಮೊದಲು. ಒಬ್ಬನೇ ಕಳಿಸಿದರೆ ನನ್ನ ಆರ್ಡರ್ ನಿಲ್ಲುತ್ತದೆ, ಅದು ಗೊತ್ತು. ಹತ್ತು ಜನ ಒಂದೇ ದಿನ ಕಳಿಸಿದರೆ ಹತ್ತು ಜನರ ಪಾರ್ಟು ನಿಲ್ಲಿಸಿ ಅವರು ಲೈನ್ ನಡೆಸಲಾರರು. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಗೆಳೆಯರು ಯಾರಿಗೆ ಇದೇ ಕಥೆ ಇದೆಯೋ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಶೆಡ್ಡಿಗೆ ಬನ್ನಿ. ಅಣ್ಣನೂ ಬರುತ್ತೇನೆ ಅಂದಿದ್ದಾರೆ. ಪಿ.ಒ. (ಅವರು ಕೊಟ್ಟ ಆರ್ಡರ್ ಕಾಗದ), ಬಿಲ್ಲು, ಉದ್ಯಮ್ ಸರ್ಟಿಫಿಕೇಟ್ ತನ್ನಿ. ಡೆಲಿವರಿ ಚಲನ್ ಮೇಲೆ ಅವರ ಸ್ಟೋರಿನ ಸೀಲು, ತಾರೀಖು ಇರುವ ಪ್ರತಿ ಇದ್ದರೆ ಅದನ್ನು ಮರೆಯಬೇಡಿ, ದಿನ ಎಣಿಸುವುದಕ್ಕೆ ಆ ತಾರೀಖು ಬೇಕೇ ಬೇಕು.