ದೆವ್ವದ ಬೋರ್ಡಿಗೆ ಟ್ಯಾಕ್ಸ್

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಓಜಾ ಬೋರ್ಡು (ಅಕ್ಷರ ಬರೆದ ಹಲಗೆ; ಮೇಲಿನ ಸೂಚಕಕ್ಕೆ ಬೆರಳಿಟ್ಟರೆ ಅದು ಅಕ್ಷರದಿಂದ ಅಕ್ಷರಕ್ಕೆ ಜಾರಿ ಸತ್ತವರ ಉತ್ತರ ಹೇಳುತ್ತದಂತೆ) ಈಜಿಪ್ಟಿನ ಮಾಂತ್ರಿಕರ ವಿದ್ಯೆ, ಸಾವಿರಾರು ವರ್ಷ ಹಳೆಯದು, ಮನೆಗೆ ತಂದರೆ ಸರ್ವನಾಶ ಅಂತ. ಚಿಕ್ಕಮ್ಮ ಅದಕ್ಕೆ ಕೈಮುಗಿಯುವ ಇಮೋಜಿ ಬೇರೆ ಹಾಕಿದ್ದರು. ಅಲ್ಲಿ ಜಗಳ ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಈ ಬೋರ್ಡು ಹುಟ್ಟಿದ್ದು 1890ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಹುಟ್ಟಿಸಿದವರು ದುಡ್ಡು ಮಾಡಲು ಕಂಪನಿ ತೆರೆದ ಚಾರ್ಲ್ಸ್ ಕೆನಾರ್ಡ್, ಎಲೈಜಾ ಬಾಂಡ್ ಎಂಬ ವಕೀಲ ಮತ್ತು ಅವರ ಜೊತೆಗಾರರು. ಬಾಂಡ್ ತನ್ನ ಪೇಟೆಂಟ್ ಅರ್ಜಿಯಲ್ಲಿ ಇದನ್ನು ಆಟಿಕೆ ಅಂತಲೇ ಬರೆದಿದ್ದಾನೆ. ಜೊತೆಗೆ ‘ಈಜಿಪ್ಟಿನ ಅದೃಷ್ಟದ ಹಲಗೆ’ ಅಂತ ಒಂದು ಒಗ್ಗರಣೆ. ಚಿಕ್ಕಮ್ಮನ ಈಜಿಪ್ಟು ಬಂದಿದ್ದು ಇಂಥ ಜಾಹೀರಾತಿನಿಂದಲೇ ಇರಬೇಕು!

ಹೆಸರಿಟ್ಟಿದ್ದು ಬಾಂಡ್‌ನ ನಾದಿನಿ ಹೆಲೆನ್ ಪೀಟರ್ಸ್. ‘ನಿನ್ನ ಹೆಸರೇನು’ ಅಂತ ಬೋರ್ಡನ್ನೇ ಕೇಳಿದಳಂತೆ, ಅದು ಐದು ಇಂಗ್ಲಿಷ್ ಅಕ್ಷರ ತೋರಿಸಿತಂತೆ: O-U-I-J-A. ಅವಳ ಕೊರಳಿನ ಲಾಕೆಟ್‌ನಲ್ಲೂ ಅದೇ ಹೆಸರು ಇತ್ತಂತೆ. ಪೇಟೆಂಟ್ ಆಫೀಸರು ‘ನನ್ನ ಹೆಸರು ಹೇಳಿಸಿ ನೋಡೋಣ’ ಅಂದಾಗ ಅದನ್ನೂ ಹೇಳಿತು ಅನ್ನುವ ಕಥೆಯಿದೆ. ಬಾಂಡ್ ಪೇಟೆಂಟ್ ವಕೀಲ, ಸ್ವಾಮೀ. ಆಫೀಸರ ಹೆಸರು ಅವನಿಗೆ ಗೊತ್ತಿರಲ್ವಾ? ಅಂತೂ 1891ರ ಫೆಬ್ರುವರಿಯಲ್ಲಿ ಪೇಟೆಂಟ್ ಸಿಕ್ಕಿತು. ಬೆಲೆ ಒಂದೂವರೆ ಡಾಲರ್.

ಜನ ಮುಗಿಬಿದ್ದು ಕೊಂಡಿದ್ದಕ್ಕೆ ಕಾರಣ ಮಾತ್ರ ನಗುವಂಥದ್ದಲ್ಲ. ಅಲ್ಲಿನ ಅಂತರ್ಯುದ್ಧದಲ್ಲಿ ಲಕ್ಷಗಟ್ಟಲೆ ಹುಡುಗರು ಸತ್ತಿದ್ದರು. ಎಷ್ಟೋ ಮನೆಗಳಿಗೆ ಹೆಣವೂ ಬರಲಿಲ್ಲ. ಅದಕ್ಕೂ ಮೊದಲೇ, 1848ರಲ್ಲಿ, ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಹಳ್ಳಿಯ ಫಾಕ್ಸ್ ಅಕ್ಕತಂಗಿಯರು ಸತ್ತವರು ಗೋಡೆ ಬಡಿದು ಮಾತಾಡುತ್ತಾರೆ ಅಂತ ಊರೆಲ್ಲ ನಂಬಿಸಿದ್ದರು. (ಅದು ಕಾಲ್ಬೆರಳ ಗೆಣ್ಣಿನ ಸದ್ದು ಅಂತ 1888ರಲ್ಲಿ ಮ್ಯಾಗಿ ಫಾಕ್ಸ್ ವೇದಿಕೆಯ ಮೇಲೇ ಒಪ್ಪಿಕೊಂಡಳು.) ಆಗ ಸತ್ತವರ ಜೊತೆ ಮಾತಾಡಬೇಕಂದರೆ ನಾವು ಅಕ್ಷರಮಾಲೆ ಹೇಳುತ್ತಾ ಹೋಗಬೇಕು, ಸರಿಯಾದ ಅಕ್ಷರಕ್ಕೆ ‘ಆತ್ಮ’ ಟಕ್ ಅನ್ನಬೇಕು. ಒಂದು ಹೆಸರು ಬರುವಷ್ಟರಲ್ಲಿ ಸಾಕುಸಾಕು. ಬೋರ್ಡು ಬಂದ ಮೇಲೆ ಕೆಲಸ ಬೇಗ ಆಯಿತು, ಅಷ್ಟೇ.

ನನಗೆ ಜಾಸ್ತಿ ಇಷ್ಟವಾದದ್ದು ಟ್ಯಾಕ್ಸ್ ಕಥೆ. ಆಟಿಕೆ ಅಂತ ಪೇಟೆಂಟ್ ತಗೊಂಡ ಬೋರ್ಡು ಇದು. ಸರ್ಕಾರ ಆಟದ ಸಾಮಾನಿಗೆ ತೆರಿಗೆ ಹಾಕಿದಾಗ ಕಂಪನಿಯವರು ಕೋರ್ಟಿಗೆ ಹೋಗಿ, ಇದು ಆಟ ಅಲ್ಲವೇ ಅಲ್ಲ, ಆತ್ಮಗಳ ಜೊತೆ ಮಾತಾಡುವ ಸಾಧನ ಅಂದರು. 1922ರಲ್ಲಿ ಕೋರ್ಟು ಒಪ್ಪಲಿಲ್ಲ, ಟ್ಯಾಕ್ಸ್ ಕಟ್ಟಿ ಅಂದಿತು. ದೇವರಾಣೆ, ಇದಕ್ಕಿಂತ ಒಳ್ಳೆಯ ಹಾಸ್ಯ ನಾಟಕ ನಾನು ನೋಡಿಲ್ಲ. 1967ರಲ್ಲಿ ಇದು ಮೊನೊಪಲಿ ಎಂಬ ಹೆಸರುವಾಸಿ ಬೋರ್ಡ್ ಆಟವನ್ನೂ ಮೀರಿಸಿ ಮಾರಾಟವಾಯಿತು. ದೆವ್ವದ ಭಯ ಗಟ್ಟಿಯಾಗಿದ್ದು ಆಮೇಲೆ, 1973ರ ಒಂದು ಸಿನಿಮಾದಿಂದ.

‘ಹಾಗಾದ್ರೆ ಅದು ಓಡೋದು ಹೇಗೆ?’ ಅಂತೀರಾ? ನಮ್ಮ ಬೆರಳೇ ತಳ್ಳುತ್ತದೆ, ನಮಗೆ ಗೊತ್ತಾಗುವುದಿಲ್ಲ. ಬೋರ್ಡು ಹುಟ್ಟುವ ಮೊದಲೇ, 1853ರಲ್ಲಿ, ವಿಜ್ಞಾನಿ ಫ್ಯಾರಡೆ ಇದನ್ನು ತೋರಿಸಿದ್ದ. ಆಗ ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ‘ಆತ್ಮ’ ಅದನ್ನು ತಿರುಗಿಸುತ್ತದೆ ಅಂತ ನಂಬಿದ್ದ ಕಾಲ. ಅವನು ಕೈಗೂ ಮೇಜಿಗೂ ನಡುವೆ ರಟ್ಟುಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಅಂಟಿಸಿಟ್ಟ. ಮೇಲಿನ ರಟ್ಟೇ ಮೊದಲು ಜಾರಿತ್ತು. ಅಂದರೆ ಕೈ ಮೊದಲು, ಮೇಜು ಆಮೇಲೆ.

ನಾನೂ ಆಡಿದ್ದೇನೆ. ಹಾಸ್ಟೆಲಿನಲ್ಲಿ ಕ್ಯಾರಂ ಬೋರ್ಡಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಎ ಟು ಝಡ್ ಬರೆದು, ಮಧ್ಯೆ ಒಂದು ರೂಪಾಯಿ ನಾಣ್ಯ ಇಟ್ಟು, ಕರೆಂಟ್ ಹೋದ ರಾತ್ರಿ ಮೇಣದಬತ್ತಿ ಹಚ್ಚಿ ನಾಲ್ಕು ಜನ ಕೂತೆವು. ರೂಮ್‌ಮೇಟ್ ಅವನ ಅಜ್ಜಿಯನ್ನು ಕರೆದ. ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ‘ಅಜ್ಜೀ, ನನ್ನ ಪರೀಕ್ಷೆ ಏನಾಗುತ್ತೆ?’ ಅಂದ. ನಾಣ್ಯ ನಿಧಾನಕ್ಕೆ ಜಾರಿತು. ಇಂಗ್ಲಿಷಿನಲ್ಲಿ ‘ಸಕ್ಸೆಸ್’ ಅಂತ ಬಂತು. ಎರಡು ‘ಸಿ’ ಬೇಕಾದಲ್ಲಿ ಒಂದೇ.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಹೆಬ್ಬೆಟ್ಟು. ‘ಸಕ್ಸೆಸ್’ಗೆ ಯಾವಾಗಲೂ ಒಂದೇ ‘ಸಿ’ ಹಾಕುತ್ತಿದ್ದವನು ನಮ್ಮ ರೂಮ್‌ಮೇಟ್. ನಮ್ಮ ಮೂವರಿಗೂ ತಕ್ಷಣ ಗೊತ್ತಾಯಿತು. ಅವನು ನಾಣ್ಯದ ಮೇಲೆ ಬೆರಳಿಟ್ಟುಕೊಂಡೇ ಅಳುತ್ತಿದ್ದ. ನಾವೂ ಬೆರಳು ತೆಗೆಯಲಿಲ್ಲ.