ಚಟಾಕಿನ ಸಂಸಾರ

ನಾನು ಬೆಂಗಳೂರಿನ ಶ್ರೀನಗರದ ಈ ರೂಮಿಗೆ ಬಂದ ವಾರಕ್ಕೆ ಅಮ್ಮ ತಿಪಟೂರಿನಿಂದ ಬಂದಳು. ಬ್ಯಾಗಿನಿಂದ ಮೊದಲು ಹೊರಗೆ ಬಂದದ್ದು ಒಂದು ಹಿತ್ತಾಳೆ ಪಾವು. ಅಜ್ಜಿ ಕಾಲದ್ದು, ಬಾಯಿ ಒಂದು ಕಡೆ ನೆಗ್ಗಿದೆ. "ಇದರಲ್ಲಿ ಒಂದು ಅಳತೆ ಅಕ್ಕಿ ಹಾಕಿದ್ರೆ ನಿಂಗೆ ಎರಡು ಹೊತ್ತಿಗೆ ಆಗುತ್ತೆ ಕಣಪ್ಪಾ" ಅಂತ ಹೇಳಿ, ಸ್ಟೌ ಪಕ್ಕ ಇಟ್ಟು, ಮಾರನೇ ದಿನ ಬಸ್ ಹತ್ತಿದಳು.

ನಾಲ್ಕು ಚಟಾಕು ಅಂದರೆ ಪಾವು, ಎರಡು ಪಾವು ಅಂದರೆ ಅಚ್ಚೇರು, ಎರಡು ಅಚ್ಚೇರು ಸೇರಿದರೆ ಸೇರು. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆಗಿದ್ದು 1956ರಲ್ಲಿ. ನಮ್ಮ ಅಡುಗೆಮನೆಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ಅನ್ನಕ್ಕೇನೋ ಅಳತೆ ಸಿಕ್ಕಿತು. ಸಾರಿಗೆ? ಅಮ್ಮನ ಕೈಗೆ ಗೊತ್ತಿರುವುದು ಆರು ಜನರ ಸಾರು. ಫೋನ್ ಮಾಡಿ ಹುಣಸೆಹಣ್ಣು ಎಷ್ಟು ಅಂತ ಕೇಳಿದೆ. "ನಿಂಬೆಹಣ್ಣಿನ ಗಾತ್ರ." ಅದು ಎಷ್ಟು ಜನಕ್ಕಮ್ಮಾ? "ಎಷ್ಟು ಜನ ಆದ್ರೂ ಅಷ್ಟೇ, ಜನ ಬಂದ್ರೆ ನೀರು ಜಾಸ್ತಿ ಹಾಕು." ಒಬ್ಬನೇ ಇದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಅವಳ ಅರವತ್ತು ವರ್ಷದಲ್ಲಿ ಒಬ್ಬರಿಗೆ ಅಂತ ಒಲೆ ಹಚ್ಚಿದ್ದೇ ಇಲ್ಲವಂತೆ. ಅಪ್ಪ ಊರಿಗೆ ಹೋದ ದಿನ ಅವಳೂ ಅವಲಕ್ಕಿ ನೆನೆಸಿ ತಿಂದು ಮಲಗುತ್ತಿದ್ದಳು.

ಅಮ್ಮ ಬಿಡಿ, ಅಂಗಡಿಯವರ ಲೆಕ್ಕದಲ್ಲೂ ಒಬ್ಬನೇ ಮನುಷ್ಯ ಅನ್ನೋನು ಇಲ್ಲ. ಕಡಿಮೆ ಬೆಲೆಗೆ ಬೇಕು ಅಂದರೆ ಜಾಸ್ತಿ ತಗೋಬೇಕು. ಸೋನಾಮಸೂರಿ ಬಿಡಿಯಾಗಿ ತಗೊಂಡರೆ ಕೆಜಿಗೆ 4 ರೂಪಾಯಿ ಜಾಸ್ತಿ, 25 ಕೆಜಿ ಮೂಟೆ ತಗೊಂಡರೆ 100 ರೂಪಾಯಿ ಉಳಿತು ಅಂತ ಅಂಗಡಿಯಲ್ಲಿ ಹೇಳಿದರು. ನೂರು ರೂಪಾಯಿ ಅಲ್ವಾ ಅಂತ ಮೂರು ಮಹಡಿ ಮೂಟೆ ಹೊತ್ತೆ. ನನ್ನ ಪಾವಿಗೆ ಹಿಡಿಯುವುದು ಸುಮಾರು 200 ಗ್ರಾಂ. ದಿನಾ ಅನ್ನವೇ ತಿಂದರೂ ಮೂಟೆ ಮುಗಿಯಲು 125 ದಿನ ಬೇಕು. ನಾನೋ ತಿಪಟೂರು ಕಡೆಯವನು, ವಾರಕ್ಕೆ ಮೂರು ರಾತ್ರಿಯಾದರೂ ಮುದ್ದೆ ಬೇಕು. ಅಕ್ಕಿಗೆ ಹುಳ ಬೀಳಲು ಇಷ್ಟು ಸಮಯ ಬೇಕಾಗಿಲ್ಲ. ಎರಡನೇ ತಿಂಗಳಿಗೇ ಡಬ್ಬದ ಮುಚ್ಚಳ ತೆಗೆದರೆ ಕಪ್ಪು ಚುಕ್ಕಿಗಳು ನಡೆದಾಡುತ್ತಿದ್ದವು. ಭಾನುವಾರ ತಾರಸಿ ಮೇಲೆ ಪೇಪರ್ ಹಾಸಿ, ಅಕ್ಕಿ ಹರಡಿ, ಹುಳ ಹೋಗಲಿ ಅಂತ ಬಿಸಿಲಿಗೆ ಬಿಟ್ಟು ಕೆಳಗೆ ಬಂದು ಕಾಫಿ ಕುಡಿದೆ. ಮೇಲೆ ಹೋಗುವಷ್ಟರಲ್ಲಿ ಹನುಮಂತನಗರದ ಪಾರಿವಾಳಗಳೆಲ್ಲ ನಮ್ಮ ತಾರಸಿಗೆ ಊಟಕ್ಕೆ ಬಂದಿದ್ದವು. ಹುಳಗಳು ಮಾತ್ರ ಹಾಗೇ ಇದ್ದವು. ಆ ಹಕ್ಕಿಗಳಿಗೂ ಸಸ್ಯಾಹಾರದ ಮೇಲೇ ಯಾಕೆ ಮನಸ್ಸು ಹೋಯಿತೋ ಕಾಣೆ. ಈಗ ಐದೈದು ಕೆಜಿಯೇ ತರುತ್ತೇನೆ, ಒಳಗೆ ಒಣಗಿದ ಬೇವಿನ ಎಲೆ, ನಾಲ್ಕು ಒಣಮೆಣಸಿನಕಾಯಿ ಹಾಕಿಡುತ್ತೇನೆ. 20 ರೂಪಾಯಿ ಜಾಸ್ತಿ ಕೊಟ್ಟ ಬೇಜಾರು ಮೊದಲ ಎರಡು ಸಲ ಇತ್ತು.

ಒಂದೇ ಮುದ್ದೆ ಮಾಡಿ ನೋಡಿದ್ದೀರಾ? ನಮ್ಮೂರಲ್ಲಿ ಹಿಟ್ಟು ತೊಳಸುವುದು ದೊಡ್ಡ ಪಾತ್ರೆಯಲ್ಲಿ, ಅದರ ಭಾರಕ್ಕೆ ಅದೇ ಕೂತಿರುತ್ತದೆ. ನನ್ನದು ಅಂಗೈಯಷ್ಟು ಅಲ್ಯೂಮಿನಿಯಂ ದಬರಿ. ಮುದ್ದೆ ಕೋಲು ಹಾಕಿ ತಿರುಗಿಸಿದರೆ ಹಿಟ್ಟಿನ ಜೊತೆ ದಬರಿಯೂ ತಿರುಗುತ್ತದೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಕೋಲು. ಆ ಹೊತ್ತಿಗೇ ಗ್ಯಾಸ್ ಸಣ್ಣ ಮಾಡಬೇಕು, ಮೂರನೇ ಕೈ ಇಲ್ಲ. ಅದಕ್ಕೇ ಎರಡು ಮುದ್ದೆಗೆ ಆಗುವಷ್ಟು ಹಿಟ್ಟು ಹಾಕಿ, ಉಳಿದದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹೆಚ್ಚಿ ಹಾಕಿ ಕುಡಿಯುತ್ತೇನೆ. ತಿಂಡಿಯ ತಾಪತ್ರಯವೂ ತಪ್ಪುತ್ತದೆ.

ತರಕಾರಿಗೆ ಗಾಂಧಿಬಜಾರ್‌ವರೆಗೆ ನಡೆಯುತ್ತೇನೆ. ರಾತ್ರಿ ಒಂಬತ್ತರ ಹೊತ್ತಿಗೆ, ಅಂಗಡಿ ಕಟ್ಟುವಾಗ. ಸೊಪ್ಪಿನವರು ಉಳಿದ ಕಟ್ಟುಗಳನ್ನು ಮನೆಗೆ ವಾಪಸ್ ಹೊರುವ ಬದಲು ಎರಡು ಕಟ್ಟಿಗೆ ಒಂದರ ದುಡ್ಡು ಅನ್ನುತ್ತಾರೆ. ಅಲ್ಲೂ ನನ್ನ ಕಷ್ಟ ಅದೇ, ಎರಡು ಕಟ್ಟು ತಗೊಂಡು ಏನು ಮಾಡಲಿ. ಫ್ರಿಜ್ ಬೇರೆ ಇಲ್ಲ. ಕಾಲು ಕೆಜಿ ಬೀನ್ಸು, ಒಂದು ಸೌತೆಕಾಯಿ, ಮೂರು ಟೊಮೇಟೊ ಅಂದರೆ ತಕ್ಕಡಿ ಹಿಡಿದವರು ಒಮ್ಮೆ ಮುಖ ನೋಡುತ್ತಾರೆ. ಒಬ್ಬ ಅಜ್ಜಿ ಮಾತ್ರ ಏನೂ ಕೇಳದೆ ತೂಗಿ, ಕರಿಬೇವು, ಎರಡು ಹಸಿಮೆಣಸಿನಕಾಯಿ ಕೊಸರು ಹಾಕುತ್ತಾರೆ. ಆ ಕೊಸರಿಗಾಗಿಯೇ ನಾನು ಅವರ ಹತ್ತಿರ ಹೋಗುವುದು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿದಾಗ ಮೂರರ ಬದಲು ಒಂದು ಕೇಳಿದೆ. ಅದನ್ನೂ ತೂಕಕ್ಕೆ ಹಾಕಿದರು. ಅವತ್ತು ಕೊಸರು ಕೇಳುವ ಧೈರ್ಯ ಬರಲಿಲ್ಲ. ಹುಣಸೆಹಣ್ಣಿನ ಗೊಜ್ಜಿನಲ್ಲೇ ಆ ತಿಂಗಳು ಕಳೆಯಿತು.

ತೆಂಗಿನಕಾಯಿ ಮಾತ್ರ ನಾನು ಕೊಂಡವನಲ್ಲ. ತಿಪಟೂರಿನವನು ಬೆಂಗಳೂರಲ್ಲಿ ಕಾಯಿ ಕೊಂಡರೆ ಊರಲ್ಲಿ ನಗುತ್ತಾರೆ. ಊರಿಗೆ ಹೋದಾಗೆಲ್ಲ ಚೀಲದಲ್ಲಿ ಹತ್ತು ಕಾಯಿ ಬೀಳುತ್ತಿದ್ದವು, ಬೇಡ ಅಂದರೂ ಅಪ್ಪ ತುರುಕುತ್ತಿದ್ದರು. 2025ರಲ್ಲಿ ಕಾಯಿ, ಕೊಬ್ಬರಿ ಎರಡರ ಬೆಲೆಯೂ ಏರಿತು ನೋಡಿ, ಹತ್ತು ಇದ್ದದ್ದು ಆರಾಯಿತು, ಆಮೇಲೆ ನಾಲ್ಕು. "ಒಬ್ಬನಿಗೆ ಎಷ್ಟು ಬೇಕೋ" ಅಂದರು ಅಪ್ಪ. ಒಬ್ಬನಿಗೆ ಎಷ್ಟು ಬೇಕು ಅನ್ನುವ ಲೆಕ್ಕ ನಮ್ಮ ಮನೆಯಲ್ಲಿ ಮೊದಲ ಸಲ ಬಂದದ್ದು ಆವಾಗ! ಆದರೆ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ಕಾಯಿ ಒಡೆದರೆ ನನಗೆ ಐದು ದಿನ. ಕಣ್ಣಿರುವ ಹೋಳು ಬೇಗ ಕೆಡುತ್ತದೆ, ಅದನ್ನು ಮೊದಲು ತುರಿಯಬೇಕು, ಇನ್ನೊಂದಕ್ಕೆ ಉಪ್ಪು ಸವರಿಡಬೇಕು. ಇದು ಅಮ್ಮ ಹೇಳಿಕೊಟ್ಟಿದ್ದು. ಮೂರನೇ ದಿನಕ್ಕೆ ಲೋಳೆ ಬಂದರೆ ಮೂಸಿ ನೋಡಿ, ಪರವಾಗಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದು ನಾನೇ ಕಲಿತಿದ್ದು.

ಒಂಟಿಯಾಗಿರುವವರಿಗೆ ಹೇಳಿ ಮಾಡಿಸಿದ ಅಡುಗೆ ಅಂದರೆ ಬಸ್ಸಾರು. ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ, ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬೆಂದ ಸೊಪ್ಪು, ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಗ್ಯಾಸ್ ಹಚ್ಚಿದ್ದಕ್ಕೆ ಎರಡು ಅಡುಗೆ. ಮಾರನೇ ದಿನ ಕುದಿಸಿದರೆ ಸಾರಿನ ರುಚಿ ಇನ್ನೂ ಜಾಸ್ತಿ, ಮೂರನೇ ದಿನಕ್ಕೆ ಇಂಗಿ ಗೊಜ್ಜಿನಂತಾಗುತ್ತದೆ, ಅದೂ ಚೆನ್ನ. 14.2 ಕೆಜಿ ಸಿಲಿಂಡರ್ ನನಗೆ ನಾಲ್ಕು ತಿಂಗಳು ಬರುವುದಕ್ಕೆ ಬಸ್ಸಾರೇ ಕಾರಣ. ಅವರೆಕಾಯಿ ಕಾಲದಲ್ಲಿ ಮಾತ್ರ ಬುದ್ಧಿ ಕೆಡುತ್ತದೆ. ಸೊಗಡಿನ ಕಾಯಿ ಮೂಗಿಗೆ ಬಡಿದ ಕೂಡಲೇ ಒಂದು ಕೆಜಿ ತಂದು, ಸುಲಿದು, ನೆನೆಸಿ, ಒಂದೊಂದೇ ಕಾಳು ಹಿತಕುತ್ತ ಕೂರುತ್ತೇನೆ. ಒಂದೂವರೆ ಗಂಟೆ ಹಿತಕಿದ ಮೇಲೆ ನೋಡಿದರೆ ಒಂದು ಬಟ್ಟಲು ಬೇಳೆ. ಮನೆಯಲ್ಲಿ ಈ ಕೆಲಸಕ್ಕೆ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಕೂತು ಊರಿನ ವಿಷಯ ಮಾತಾಡುತ್ತಿದ್ದರು. ಹಿತಕಿದ್ದು ಕಾಳೋ ಊರಿನವರನ್ನೋ ಹೇಳುವುದು ಕಷ್ಟ.

ಹಾಲು ಅರ್ಧ ಲೀಟರ್ ನಂದಿನಿ, ಅದಕ್ಕಿಂತ ಚಿಕ್ಕದು ನಮ್ಮ ಬೀದಿಯ ಅಂಗಡಿಯಲ್ಲಿ ಇಡುವುದಿಲ್ಲ. ಬೆಳಿಗ್ಗೆ ಕಾಫಿ, ಸಂಜೆ ಕಾಫಿ, ಉಳಿದದ್ದಕ್ಕೆ ಹೆಪ್ಪು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಎಂಎಲ್ ಸೇರಿಸಿ 2 ರೂಪಾಯಿ ಏರಿಸಿದರಲ್ಲ, ನನಗೆ ಆ 50 ಎಂಎಲ್ ಬೇಕಿರಲಿಲ್ಲ, ಆದರೂ ಮೊಸರು ಪಾತ್ರೆ ತುಂಬ ಆಗುತ್ತಿತ್ತು. ಅಭ್ಯಾಸ ಆಗುವಷ್ಟರಲ್ಲಿ, 2025ರ ಏಪ್ರಿಲ್‌ನಲ್ಲಿ, ಆ 50 ಎಂಎಲ್ ವಾಪಸ್ ತಗೊಂಡು ಲೀಟರಿಗೆ 4 ರೂಪಾಯಿ ಏರಿಸಿದರು.

ಇಷ್ಟೆಲ್ಲ ಮಾಡಿದರೂ ಲೆಕ್ಕ ಹಾಕಿದರೆ ಇಂದಿರಾ ಕ್ಯಾಂಟೀನೇ ಗೆಲ್ಲುತ್ತದೆ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಆ ದುಡ್ಡಿಗೆ ನನ್ನ ಒಗ್ಗರಣೆಯೂ ಆಗಲ್ಲ. ಕೈ ಬರಿದಾದ ತಿಂಗಳ ಕೊನೆಯಲ್ಲಿ ನಾನೂ ಅಲ್ಲಿ ಸಾಲಿನಲ್ಲಿ ನಿಂತಿದ್ದೇನೆ, ಆಟೋದವರ ಹಿಂದೆ, ಕಾಲೇಜು ಹುಡುಗರ ಮುಂದೆ. ಬಿಸಿಯಾಗಿರುತ್ತದೆ, ಪಾತ್ರೆ ತೊಳೆಯುವಂತಿಲ್ಲ. ಹಾಗಾದರೆ ಮನೆಯಲ್ಲಿ ಅಡುಗೆ ಯಾಕೆ? ಉಳಿತಾಯಕ್ಕೆ ಅಂತ ಅಮ್ಮನಿಗೆ ಹೇಳುತ್ತೇನೆ. ಸಂಜೆ ಬಾಗಿಲು ತೆಗೆದಾಗ ರೂಮು ಸುಮ್ನೆ ಇರುತ್ತದಲ್ಲ, ಕುಕ್ಕರ್ ಒಂದು ಸೀಟಿ ಕೂಗಿದರೆ ಯಾರೋ ಇದ್ದಂಗೆ ಇರುತ್ತದೆ. ಇದನ್ನು ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಹೆಣ್ಣು ನೋಡಲು ಶುರು ಮಾಡುತ್ತಾಳೆ.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಪಕ್ಕಾ. ಗೃಹಜ್ಯೋತಿಯಲ್ಲಿ ಹಳೇ ಬಳಕೆಯ ಲೆಕ್ಕ ಇಲ್ಲದ ಹೊಸ ಬಾಡಿಗೆದಾರರಿಗೆ 53 ಯೂನಿಟ್ ಸರಾಸರಿ, ಅದರ ಮೇಲೆ ಶೇ. 10 ಸೇರಿಸಿ 58 ಯೂನಿಟ್ ಉಚಿತ ಅಂದರು. ಅವತ್ತಿನಿಂದ 58 ನನ್ನ ಅದೃಷ್ಟದ ಸಂಖ್ಯೆ. ನೀರು ಕಾಯಿಸುವ ರಾಡು 1,500 ವ್ಯಾಟಿನದು, 40 ನಿಮಿಷಕ್ಕೆ ಒಂದು ಯೂನಿಟ್. ಒಂದು ಬಕೆಟ್ ಹದವಾಗಿ ಕಾಯಲು 16 ನಿಮಿಷ ಸಾಕು, ತಿಂಗಳಿಗೆ 12 ಯೂನಿಟ್. ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು ರಾಡ್ ಹಾಕುತ್ತೇನೆ. ಒಮ್ಮೆ ಅಣ್ಣ ಬಂದಿದ್ದಾಗ ರಾಡ್ ಹಾಕಿ ಮರೆತು ಫೋನಲ್ಲಿ ಮಾತಾಡುತ್ತ ನಿಂತ. ನಾನು ಊಟ ಬಿಟ್ಟು ಓಡಿದ್ದು ನೋಡಿ, ಬೆಂಕಿ ಬಿತ್ತು ಅಂದುಕೊಂಡು ಅವನೂ ಓಡಿದ.

ಪಾತ್ರೆಗೆ ನಾನು ಕಂಡುಕೊಂಡ ದಾರಿ ಇದು: ಒಂದು ತಟ್ಟೆ, ಒಂದು ಲೋಟ, ಒಂದು ಬಟ್ಟಲು ಬಿಟ್ಟು ಉಳಿದದ್ದೆಲ್ಲ ಅಟ್ಟಕ್ಕೆ. ತೊಳೆಯದಿದ್ದರೆ ಊಟ ಇಲ್ಲ. ಸಿಂಕ್ ತುಂಬಬೇಕೆಂದರೂ ತುಂಬುವಂತಿಲ್ಲ. ತೆಂಗಿನ ನಾರು, ಸಬೀನಾ ಪುಡಿ, ಎರಡು ನಿಮಿಷ. ನೆಲ ಗುಡಿಸುವುದೂ ಹತ್ತು ಹೆಜ್ಜೆಯ ಕೆಲಸ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನನಗೆ ಕಾರಿನ ಚಿಂತೆ ಇರಲಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಕುಂಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸಲು, ಒರೆಸಿದ್ದು ಕಕ್ಕಸಿಗೆ. ಆ ಅಭ್ಯಾಸ ಮಳೆ ಬಂದ ಮೇಲೂ ಬಿಡಲಿಲ್ಲ.

ಆದರೆ ಬೆಡ್‌ಶೀಟು. ಒಂಟಿ ಮನುಷ್ಯನ ಅಹಂಕಾರ ಇಳಿಸುವುದು ಬೆಡ್‌ಶೀಟು. ನೆನೆಸಬಹುದು, ಕುಕ್ಕಬಹುದು, ಜಾಲಿಸಬಹುದು, ಹಿಂಡುವುದು ಮಾತ್ರ ಇಬ್ಬರ ಕೆಲಸ. ನಾನು ಒಂದು ತುದಿಯನ್ನು ತಾರಸಿಯ ನೀರಿನ ಪೈಪಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ತಿರುಚುತ್ತ ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ಭಾನುವಾರ ಪೈಪ್ ಕಿರ್ ಅಂತು. ಕೆಳಗಿನಿಂದ ಓನರ್ ಆಂಟಿ ಹತ್ತಿ ಬಂದರು. ನನ್ನನ್ನು ನೋಡಿದರು, ಪೈಪನ್ನು ನೋಡಿದರು. "ಏನಪ್ಪಾ, ಹಗ್ಗ ಜಗ್ಗಾಟ ಆಡ್ತಿದ್ದೀಯಾ?" ಅಂದು ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಹಿಡಿದರು. ಎಪ್ಪತ್ತರ ಹತ್ತಿರದ ಕೈ, ನನಗಿಂತ ಗಟ್ಟಿ. ಅವರು ಬಲಕ್ಕೆ, ನಾನು ಎಡಕ್ಕೆ. ಒಂದೇ ನಿಮಿಷಕ್ಕೆ ಬೆಡ್‌ಶೀಟು ಹಗ್ಗವಾಯಿತು. ಹಿಂಡಿದ ಮೇಲೆ ತಂತಿ ಮೇಲೆ ಹಾಕಿ, ಎರಡೂ ಕಡೆ ಎಳೆದು ಸುಕ್ಕು ಬಿಡಿಸಿದ್ದೂ ಅವರೇ.

ಅವತ್ತು ಬಸ್ಸಾರು ಮಾಡಿದ್ದೆ. ಸುಮ್ನೆ ಹೇಗೆ ಕಳಿಸುವುದು ಅಂತ ಒಂದು ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಮೂರು ದಿನದ ಸಾರಿನಲ್ಲಿ ಒಂದು ದಿನದ್ದು ಹೋಯಿತು ಅಂತ ಮನಸ್ಸು ಲೆಕ್ಕ ಹಾಕಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಡಬ್ಬಿ ವಾಪಸ್ ಬಂತು. ಖಾಲಿ ಡಬ್ಬಿ ಕೊಡಬಾರದಲ್ಲ, ಒಳಗೆ ರವೆ ಉಂಡೆ ಇತ್ತು. ನಾಲ್ಕು. ಉಂಡೆ ತಿಂದ ಮೇಲೆ ತಿಳಿಯಿತು, ಡಬ್ಬಿ ನನ್ನದಾದರೂ ಸರದಿ ಈಗ ನನ್ನದು ಅಂತ. ಮುಂದಿನ ವಾರ ಊರಿನ ಕಾಯಿ ಒಂದು ಕೊಟ್ಟೆ, ಈ ಬೆಲೆಯಲ್ಲಿ! ಅದಕ್ಕೆ ಹೋಳಿಗೆ ಬಂತು. ಹೋಳಿಗೆಗೆ ನಾನು ಹಿತಕಿದ ಬೇಳೆ ಸಾರು ಕೊಟ್ಟೆ. ಆ ಒಂದೂವರೆ ಗಂಟೆ ಈ ಸಲ ಎರಡೂವರೆ ಆಯಿತು, ಇಬ್ಬರಿಗೆ ಹಿತಕಿದೆನಲ್ಲ. ಬೆಳಿಗ್ಗೆ ಅಕ್ಕಿ ಅಳೆಯುವಾಗ ಪಾವಿನ ಮೇಲೆ ಎರಡು ಚಟಾಕು ಜಾಸ್ತಿ ಬೀಳಲು ಶುರುವಾಗಿ ಎಷ್ಟು ದಿನವಾಯಿತೋ ಗಮನಿಸಿರಲಿಲ್ಲ.

ಸದ್ಯ ಡಬ್ಬಿ ನನ್ನ ಹತ್ತಿರ ಇದೆ. ಶುಕ್ರವಾರ ಅದರಲ್ಲಿ ಹೆರಳೆಕಾಯಿ ಉಪ್ಪಿನಕಾಯಿ ಬಂದಿತ್ತು. ಪೂರ್ತಿ ತುಂಬ. ಅದು ಮುಗಿಯಲು ನನಗೆ ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಡಬ್ಬಿ ಇಟ್ಟುಕೊಳ್ಳುವಂತಿಲ್ಲ. ಉಪ್ಪಿನಕಾಯಿಯನ್ನು ಬಟ್ಟಲಿಗೆ ಬಗ್ಗಿಸಿದ್ದೇನೆ, ಹಾಗಾಗಿ ನನಗೀಗ ಬಟ್ಟಲಿಲ್ಲ, ಅಟ್ಟ ಹತ್ತಬೇಕು. ಭಾನುವಾರ ಬೇರೆ ಹತ್ತಿರ ಬಂತು, ಬೆಡ್‌ಶೀಟು ನೆನೆಸಬೇಕು.