ದಡ್ಡ ಅನ್ನೋ ಮೊದಲು ಕಿವಿ ತೋರಿಸಿ

ಮೂರನೇ ಕ್ಲಾಸಿಗೆ ಬಂದರೂ ಓದೋಕೆ ಬಾರದ ಮಗು ಕಂಡರೆ ಸಾಕು, ದಡ್ಡ ಅಂತ ಹೆಸರಿಟ್ಟುಬಿಡುತ್ತೇವೆ. ಕೂತಲ್ಲಿ ಕೂರದಿದ್ದರೆ ತಂಟೆಕೋರ. ಮಾತು ತಡವಾದರೆ, "ಅವರಪ್ಪಗೂ ಲೇಟಾಗೇ ಬಂದಿದ್ದು, ಬಿಡ್ರಿ". ದಾವಣಗೆರೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವ ನನಗೆ ಈ ಮಾತು ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ.

ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಮೆಕ್ಕೆಜೋಳದ ಲೋಡಲ್ಲಿ ಇಷ್ಟು ಚೀಲ, ಚೀಲಕ್ಕೆ ಇಷ್ಟು ಕೂಲಿ ಅಂದರೆ ಒಟ್ಟು ಎಷ್ಟಾಯ್ತು ಅಂತ ಬಾಯಲ್ಲೇ ಹೇಳುತ್ತಿದ್ದ. ಬೋರ್ಡಿನ ಮೇಲೆ 'ಅಕ್ಕ' ಅಂತ ಬರೆದರೆ ಮಾತ್ರ 'ಅಕ' ಅಂತ ಓದುತ್ತಿದ್ದ. 'ತಮ್ಮ' ಬರೆಯೋ ಅಂದರೆ ಒತ್ತು ಹೋಗಿ 'ತ'ದ ಕೆಳಗೆ ಕೂರುತ್ತಿತ್ತು. ಅವರಪ್ಪ ಶಾಲೆಗೆ ಬಂದು, "ನಾಲ್ಕು ಬಾರಿಸ್ರಿ ಸರ, ತಾನೇ ಬುದ್ಧಿ ಬರ್ತತಿ" ಅಂದರು. ಅಷ್ಟು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳೋ ಹುಡುಗನಿಗೆ ಬುದ್ಧಿ ಇಲ್ಲ ಅಂತ ಹೇಗೆ ಹೇಳೋದು? ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಹೀಗಾಗುತ್ತೆ. ಕೇಳಿದ ಪದವನ್ನು ಸದ್ದು ಸದ್ದಾಗಿ ಬಿಡಿಸಿ ಅಕ್ಷರಕ್ಕೆ ಜೋಡಿಸೋದು ಅವರ ಮೆದುಳಿಗೆ ಕಷ್ಟ. ಜಾಣತನಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೇ ಕಲಿಕೆಯ ತೊಂದರೆ ಸೇರಿದೆ. ಹೊಡೆತದಿಂದ ಬರೋದು ಭಯ, ಒತ್ತಕ್ಷರ ಅಲ್ಲ.

ಚಂಚಲ ಮಕ್ಕಳದ್ದೂ ಅಷ್ಟೇ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ ಇರುವ ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಬಂತು. ಮೆದುಳಿನ ಹೊರಪದರ ಬಲಿಯೋದು ಅವರಲ್ಲಿ ಸುಮಾರು ಮೂರು ವರ್ಷ ತಡ ಅಂತ ಕಂಡಿತು. ತಡೆದುಕೊಳ್ಳೋದು, ಗಮನ ಇಡೋದು ಮುಂಭಾಗದ ಕೆಲಸ. ಆ ಭಾಗದಲ್ಲೇ ತಡ ಜಾಸ್ತಿ. ಹತ್ತು ವರ್ಷದ ಮಗುವಿಗೆ "ಸುಮ್ನೆ ಕೂರು" ಅಂತ ಗದರುವಾಗ ಇದು ನೆನಪಿರಬೇಕು.

ಇದೆಲ್ಲ ಶಾಲೆಗೆ ಬಂದಮೇಲೆ ಶುರುವಾಗೋದಲ್ಲ. ಬಸುರಾಗಿ ನಾಲ್ಕು ವಾರಕ್ಕೇ ಮಗುವಿನ ನರಕೊಳವೆ, ಅಂದರೆ ಮುಂದೆ ಮೆದುಳು, ಬೆನ್ನುಹುರಿ ಆಗೋ ಕೊಳವೆ, ಮುಚ್ಚಿಕೊಳ್ಳುತ್ತೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗ ಬಸುರು ಅಂತಲೇ ಗೊತ್ತಿರಲ್ಲ. ಆ ಕೊಳವೆ ಸರಿಯಾಗಿ ಮುಚ್ಚೋಕೆ ಬೇಕಾದ ಫೋಲಿಕ್ ಆಸಿಡ್ ಮಾತ್ರೆ ಮೊದಲೇ ಶುರು ಮಾಡಿ ಅನ್ನೋದು ಅದಕ್ಕೇ. ಐದಾರು ವರ್ಷಕ್ಕೆ ಮೆದುಳು ದೊಡ್ಡವರ ಮೆದುಳಿನ ಶೇ 90ರಷ್ಟು ಗಾತ್ರಕ್ಕೆ ಬಂದಿರುತ್ತೆ. ಈ ನಡುವೆ ಅಯೋಡಿನ್ ಕಮ್ಮಿಯಾದರೆ, ರಕ್ತ ಕಮ್ಮಿಯಾದರೆ, ದಿನ ತುಂಬದೆ ಮಗು ಹುಟ್ಟಿದರೆ ಮುಂದೆ ಕಲಿಕೆಗೆ ತೊಡಕಾಗುವ ಸಾಧ್ಯತೆ ಹೆಚ್ಚು. ಸಾಧ್ಯತೆ ಅಷ್ಟೇ. ದಿನ ತುಂಬದೆ ಹುಟ್ಟಿ ಚೆನ್ನಾಗಿ ಓದಿದವರು ಬೇಕಾದಷ್ಟು ಜನ ಇದ್ದಾರೆ. ವಂಶವಾಹಿಯ ಪಾಲೂ ದೊಡ್ಡದು. ಹಾಗಾಗಿ "ನೀನು ಬಸುರಲ್ಲಿ ಸರಿಯಾಗಿ ಉಣ್ಣಲಿಲ್ಲ" ಅಂತ ಸೊಸೆಯನ್ನು ಹಂಗಿಸೋದನ್ನು ದಯವಿಟ್ಟು ನಿಲ್ಲಿಸಿ. ಆ ತಾಯಿ ಮೊದಲೇ ನೊಂದಿರುತ್ತಾಳೆ.

ನಮ್ಮೂರಲ್ಲಿ ಎಲ್‌ಕೆಜಿ ಸೀಟಿಗೆ ಸಾಲ ಮಾಡ್ತಾರೆ. ಮಗುವಿನ ಕಿವಿ ಟೆಸ್ಟ್ ಮಾಡಿಸಿ ಅಂದರೆ, "ನಮ್ಮ ಹುಡುಗ ಏನ್ ಕಿವುಡನಾ?" ಅಂತ ಮುಖ ತಿರುಗಿಸ್ತಾರೆ. ಕಿವಿ ಸೋರಿ ಸೋರಿ ಅರೆಬರೆ ಕೇಳಿಸೋ ಮಗು ಕೂಡ ಗಮನ ಇಲ್ಲದ ಮಗುವಿನ ಹಾಗೇ ಕಾಣುತ್ತೆ ಅಲ್ವಾ? ಮೊದಲು ಕಿವಿ, ಕಣ್ಣು, ರಕ್ತ ನೋಡಿಸಬೇಕು. ಉಳಿದದ್ದು ಆಮೇಲೆ.

ಇದಕ್ಕೆ ದೊಡ್ಡ ದುಡ್ಡೂ ಬೇಡ. ಮಕ್ಕಳ ಆರೋಗ್ಯ ತಪಾಸಣೆಗೆ ಅಂತಲೇ 2013ರಿಂದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ತಂಡದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬಂದ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸಿ ಮಾತಾಡದಿದ್ದರೆ ಅಂಗನವಾಡಿ ಟೀಚರಿಗೋ ಆಶಾ ಅಕ್ಕನಿಗೋ ಹೇಳಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಹೆರಿಗೆಯ ವಿವರ ಡಾಕ್ಟರು ಕೇಳೇ ಕೇಳ್ತಾರೆ.